ನಡುಗುವ ನೆಲ, ಜಾರುವ ಗಿರಿ: ಒಂದು ವಿವೇಚನೆ

೧. ಪೀಠಿಕೆ

ಭೂಮಿಗೂ ಪರ್ವತಕ್ಕೂ ನಮ್ಮ ನಿಘಂಟುಕಾರರು ಕೊಟ್ಟಿರುವ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಕಟ್ಟುತ್ತದೆ. ಭೂಮಿಗೆ ಅಚಲೆ, ಸ್ಥಿರೆ ಎಂಬ ಹೆಸರುಗಳುಂಟು. ಪರ್ವತಕ್ಕೆ ಅಚಲ, ಅಗ, ನಗ ಎಂಬ ಹೆಸರುಗಳುಂಟು. ಇವೆಲ್ಲವೂ ಚಲಿಸದುದು, ನಡೆಯದುದು ಎಂಬ ಒಂದೇ ಅರ್ಥವನ್ನು ಸೂಚಿಸುತ್ತವೆ. ಭೂಧರ, ಮಹೀಧರ ಎಂಬ ಮಾತುಗಳಂತೂ ಒಂದು ಹೆಜ್ಜೆ ಮುಂದೆ ಹೋಗಿ, ಭೂಮಿಯನ್ನೇ ಹಿಡಿದು ನಿಲ್ಲಿಸಿರುವ ಶಕ್ತಿ ಪರ್ವತದ್ದೆಂದು ಸಾರುತ್ತವೆ. ಆದರೆ ಇದೇ ಪರಂಪರೆಯಲ್ಲಿ ಇದಕ್ಕೆ ವಿರುದ್ಧವಾದ ಕಥೆಯೊಂದೂ ಇದೆ. ಒಂದು ಕಾಲಕ್ಕೆ ಪರ್ವತಗಳಿಗೆ ರೆಕ್ಕೆಗಳಿದ್ದುವು. ಅವು ಮನಬಂದಲ್ಲಿ ಹಾರಿ ಕುಳಿತು ಲೋಕವನ್ನು ನಡುಗಿಸುತ್ತಿದ್ದುವು. ಇಂದ್ರನು ಅವುಗಳ ರೆಕ್ಕೆಗಳನ್ನು ಕತ್ತರಿಸಿ ಅವನ್ನು ನೆಲೆಗೊಳಿಸಿದನು. ಮೈನಾಕವೊಂದು ಮಾತ್ರ ಕಡಲಲ್ಲಿ ಅಡಗಿ ಉಳಿಯಿತು. ಇಂದ್ರನಿಗೆ ಗೋತ್ರಭಿದ್ ಎಂಬ ಹೆಸರು ಬಂದುದು ಈ ಪ್ರಸಂಗದಿಂದಲೇ ಎಂದು ಹೇಳುವುದುಂಟು. ಗಿರಿಗಳ ಸ್ಥಿರತೆ ಹುಟ್ಟಿನಿಂದ ಬಂದುದಲ್ಲ, ನಡುವೆ ದೊರೆತುದು ಎಂಬ ಅರಿವು ಈ ಕಥೆಯ ಹಿಂದೆ ಇದ್ದಂತಿದೆ.

ದೊರೆತ ಆ ಸ್ಥಿರತೆ ಕಳೆದುಹೋಗುವ ಗಳಿಗೆಗಳೂ ಉಂಟು. ನೆಲ ನಡುಗಿದಾಗ ಗುಡ್ಡಗಳು ಜಾರುವುದು ಅಂಥ ಗಳಿಗೆಗಳಲ್ಲಿ ಒಂದು. ಕನ್ನಡ ನಾಡಿನಲ್ಲಿ ಈ ಪ್ರಶ್ನೆ ತೀವ್ರವಾಗಿ ಎದ್ದುದು ೨೦೧೮ರ ಆಗಸ್ಟ್ ತಿಂಗಳಲ್ಲಿ. ಆ ವರ್ಷ ಕೊಡಗಿನ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಮೊದಲಾದ ಕಡೆಗಳಲ್ಲಿ ಗುಡ್ಡಗಳು ಮನೆಗಳನ್ನೂ ತೋಟಗಳನ್ನೂ ರಸ್ತೆಗಳನ್ನೂ ಹೊತ್ತುಕೊಂಡು ಕೆಳಗಿಳಿದುವು. ಅದಕ್ಕೆ ಐದು ವಾರಗಳಷ್ಟು ಮುಂಚೆ, ಜುಲೈ ೯ರಂದು, ಅದೇ ಸೀಮೆಯಲ್ಲಿ ೩.೪ ಪ್ರಮಾಣದ ಲಘು ಭೂಕಂಪವೊಂದು ದಾಖಲಾಗಿತ್ತು. ಗುಡ್ಡಗಳನ್ನು ಸಡಿಲಿಸಿದುದು ಆ ಕಂಪನವೇ ಎಂಬ ಮಾತು ಮನೆ ಕಳೆದುಕೊಂಡವರ ನಡುವೆ ಬಲವಾಗಿ ಹಬ್ಬಿತು. ಆ ಮಾತು ನಿಜವೇ? ಭೂಕಂಪವು ಗುಡ್ಡವನ್ನು ಕೆಡಹುವುದು ಹೇಗೆ? ಯಾವ ಪ್ರಮಾಣದ ಕಂಪನಕ್ಕೆ ಆ ಶಕ್ತಿ ಇರುತ್ತದೆ? ಈ ಪ್ರಶ್ನೆಗಳನ್ನು, ಅವುಗಳಿಗೆ ಅಂಟಿಕೊಂಡಿರುವ ಪದಗಳ ವಿಚಾರವನ್ನು ಹಿಮಾಲಯ ಮತ್ತು ಪಶ್ಚಿಮ ಘಟ್ಟಗಳ ನಿದರ್ಶನಗಳೊಂದಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಶಾಸ್ತ್ರದ ಎರಡು ಮುಖ್ಯ ನೆಲೆಗಳು, ೧೯೬೧ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಮತ್ತು ಇಸ್ರೋದ ಅಂಗವಾದ ರಾಷ್ಟ್ರೀಯ ದೂರಸಂವೇದಿ ಕೇಂದ್ರ, ಹೈದರಾಬಾದಿನಲ್ಲಿಯೇ ಇವೆ. ಒಂದು ನೆಲದ ನಡುಕವನ್ನು ಆಲಿಸುತ್ತದೆ. ಇನ್ನೊಂದು ಆಕಾಶದಿಂದ ನೆಲದ ಗಾಯಗಳನ್ನು ನೋಡುತ್ತದೆ. ಇಲ್ಲಿನ ವಿವೇಚನೆಗೆ ಎರಡರ ಕೆಲಸವೂ ಆಧಾರವಾಗಿ ಒದಗುತ್ತದೆ.

೨. ಪದಗಳ ವಿಚಾರ

ಇಂದು ಪತ್ರಿಕೆಗಳಲ್ಲಿಯೂ ಆಡಳಿತದಲ್ಲಿಯೂ ನೆಲೆಯೂರಿರುವ ಪದ ‘ಭೂಕುಸಿತ’. ಹಿಂದಿಯ ‘ಭೂಸ್ಖಲನ’ಕ್ಕೆ ಸಂವಾದಿಯಾಗಿ ಇದು ಬಳಕೆಯಾಗುತ್ತಿದೆ. ಆದರೆ ‘ಕುಸಿ’ ಎಂಬ ಧಾತು ಮುಖ್ಯವಾಗಿ ಇದ್ದಲ್ಲಿಯೇ ಕೆಳಗಿಳಿಯುವುದನ್ನು ಸೂಚಿಸುತ್ತದೆ. ಬಾವಿಯ ದಂಡೆ ಕುಸಿಯುತ್ತದೆ, ಮನೆಯ ಸೂರು ಕುಸಿಯುತ್ತದೆ. ೨೦೨೩ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದಲ್ಲಿ ಊರಿನ ನೆಲವೇ ಕೆಳಗಿಳಿದು ಗೋಡೆಗಳು ಬಿರಿದಾಗ ಅದನ್ನೂ ‘ಭೂಕುಸಿತ’ ಎಂದೇ ಬರೆಯಲಾಯಿತು. ಇಳಿಜಾರಿನಿಂದ ಗುಡ್ಡ ಬಂದು ಊರನ್ನು ಮುಚ್ಚಿದಾಗಲೂ ‘ಭೂಕುಸಿತ’ ಎಂದೇ ಬರೆಯಲಾಗುತ್ತದೆ. ಎರಡು ಬೇರೆ ಬೇರೆ ವಿದ್ಯಮಾನಗಳಿಗೆ ಒಂದೇ ಹೆಸರು ನಿಂತಂತಾಗಿದೆ.

ಜನರ ಆಡುಮಾತು ಈ ವಿಷಯದಲ್ಲಿ ಹೆಚ್ಚು ಖಚಿತವಾಗಿದೆ. ಮಲೆನಾಡಿನವರು ‘ಗುಡ್ಡ ಜರಿಯಿತು’ ಎನ್ನುತ್ತಾರೆ. ರಸ್ತೆಗಾಗಿಯೋ ಮನೆಗಾಗಿಯೋ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಯಂಥ ಅಂಚು ಬಿದ್ದರೆ ಕೊಡಗಿನಲ್ಲಿ ‘ಬರೆ ಕುಸಿತ’ ಎಂದೂ ಮಲೆನಾಡಿನ ಇತರ ಭಾಗಗಳಲ್ಲಿ ‘ಧರೆ ಕುಸಿತ’ ಎಂದೂ ಹೇಳುವುದು ವಾಡಿಕೆ. ಪ್ರಕೃತಿ ನಿರ್ಮಿಸಿದ ಇಳಿಜಾರಿಗೂ ಮನುಷ್ಯನು ಕಡಿದ ಅಂಚಿಗೂ ಇರುವ ಅಂತರವನ್ನು ಈ ಮಾತುಗಳು ತಾವಾಗಿಯೇ ಕಾಪಾಡಿಕೊಂಡಿವೆ. ಅಕ್ಕಪಕ್ಕದ ಭಾಷೆಗಳಲ್ಲಿಯೂ ಇಂಥ ನಿರ್ದಿಷ್ಟತೆ ಇದೆ. ತೆಲುಗಿನಲ್ಲಿ ‘ಕೊಂಡಚರಿಯಲು’ ಒಡೆದು ಬೀಳುತ್ತವೆ. ಮರಾಠಿಯಲ್ಲಿ ‘ದರಡ್’ ಕಳಚಿ ಬೀಳುತ್ತದೆ. ಮಲೆಯಾಳದಲ್ಲಿ ಗುಡ್ಡದೊಳಗಿನ ನೀರು, ಮಣ್ಣು, ಬಂಡೆಗಳು ಒಟ್ಟಿಗೆ ಸಿಡಿದು ಹರಿಯುವುದಕ್ಕೆ ‘ಉರುಳ್‌ಪೊಟ್ಟಲ್’ ಎಂಬ ಪ್ರತ್ಯೇಕ ಪದವಿದೆ.

ಅಮೆರಿಕದ ಭೂವಿಜ್ಞಾನಿ ಡೇವಿಡ್ ವಾರ್ನ್ಸ್ ೧೯೭೮ರಲ್ಲಿ ಮಾಡಿದ ವಿಂಗಡಣೆ ಇಂದಿಗೂ ಈ ಶಾಸ್ತ್ರಕ್ಕೆ ತಳಹದಿಯಾಗಿದೆ. ಇಳಿಜಾರಿನ ಚಲನೆಗಳನ್ನು ಆತ ಮುಖ್ಯವಾಗಿ ಐದು ಬಗೆಯಾಗಿ ವಿಂಗಡಿಸಿದನು. ಕನ್ನಡದ ಐದು ಸಾಮಾನ್ಯ ಧಾತುಗಳು ಇವಕ್ಕೆ ಸಲೀಸಾಗಿ ಹೊಂದಿಕೊಳ್ಳುತ್ತವೆ. ಕಡಿದಾದ ಬಂಡೆಯಿಂದ ಕಲ್ಲು ಬೀಳುವುದು, ನಿಂತ ಕಲ್ಲುಕಂಬ ಮಗುಚುವುದು, ಮಣ್ಣಿನ ಪದರ ಜಾರುವುದು, ನೀರುಂಡ ನೆಲ ಅಕ್ಕಪಕ್ಕಕ್ಕೆ ಹರಡುವುದು, ಕೆಸರು ಕಲ್ಲುಗಳೊಡನೆ ಹರಿಯುವುದು. ಬೀಳು, ಮಗುಚು, ಜಾರು, ಹರಡು, ಹರಿ ಎಂಬ ಈ ಐದರಲ್ಲಿ ಯಾವುದೂ ಹೊಸದಾಗಿ ಟಂಕಿಸಿದ ಪಾರಿಭಾಷಿಕವಲ್ಲ. ಒಟ್ಟು ವಿದ್ಯಮಾನಕ್ಕೆ ಪ್ರಸ್ತುತ ಲೇಖನದಲ್ಲಿ ‘ಗುಡ್ಡ ಜರಿತ’ ಎಂಬ ಮಾತನ್ನು ಬಳಸಲಾಗಿದೆ.

೩. ಗುಡ್ಡ ನಿಲ್ಲುವುದೇಕೆ, ಜಾರುವುದೇಕೆ

ಮೊರದಲ್ಲಿ ಅಕ್ಕಿಯನ್ನು ಹರಡಿ ಮೆಲ್ಲನೆ ಓರೆಮಾಡಿದರೆ ಅಕ್ಕಿ ಕೂಡಲೆ ಜಾರುವುದಿಲ್ಲ. ಕಾಳಿಗೂ ಕಾಳಿಗೂ, ಕಾಳಿಗೂ ಮೊರಕ್ಕೂ ನಡುವೆ ಇರುವ ಘರ್ಷಣೆ ಅದನ್ನು ಹಿಡಿದಿರುತ್ತದೆ. ಇನ್ನೂ ಜಾರದೆ ನಿಂತಿರುವ ಆ ಓರೆಯಲ್ಲಿ ಮೊರದ ತಳಕ್ಕೆ ಬೆರಳಿನಿಂದ ತಟ್ಟಿದರೆ ಅಕ್ಕಿ ಥಟ್ಟನೆ ಕೆಳಗೆ ಸರಿಯುತ್ತದೆ. ಓರೆ ಹೆಚ್ಚಲಿಲ್ಲ, ಅಕ್ಕಿಯ ತೂಕ ಹೆಚ್ಚಲಿಲ್ಲ. ಒಂದು ಕ್ಷಣದ ಅಲುಗಾಟ ಮಾತ್ರ ಸೇರಿಕೊಂಡಿತು. ಭೂಕಂಪದಿಂದ ಗುಡ್ಡ ಜರಿಯುವುದರ ಮೂಲತತ್ತ್ವ ಇಷ್ಟೇ.

ಪ್ರತಿಯೊಂದು ಇಳಿಜಾರಿನಲ್ಲಿಯೂ ಎರಡು ಬಲಗಳು ಸದಾ ಸೆಣಸುತ್ತಿರುತ್ತವೆ. ಗುರುತ್ವವು ಮಣ್ಣನ್ನೂ ಬಂಡೆಯನ್ನೂ ಕೆಳಕ್ಕೆ ಎಳೆಯುತ್ತದೆ. ಘರ್ಷಣೆ, ಕಣಗಳ ಅಂಟು, ಮರಗಳ ಬೇರು ಇವು ಅದನ್ನು ತಡೆದು ನಿಲ್ಲಿಸುತ್ತವೆ. ಎಳೆತಕ್ಕಿಂತ ತಡೆ ತುಸು ಹೆಚ್ಚಾಗಿರುವಷ್ಟು ಕಾಲ ಗುಡ್ಡ ‘ಅಚಲ’ವೆನಿಸಿಕೊಳ್ಳುತ್ತದೆ. ಈ ಸಮತೋಲವನ್ನು ಮಳೆ ಕೆಡಿಸುವ ರೀತಿಯೇ ಬೇರೆ, ಭೂಕಂಪ ಕೆಡಿಸುವ ರೀತಿಯೇ ಬೇರೆ. ಮಳೆಯ ನೀರು ಮಣ್ಣಿನ ರಂಧ್ರಗಳನ್ನು ತುಂಬಿ, ಒಳಗಿನಿಂದ ಒತ್ತಡ ಹಾಕಿ, ಕಣಗಳು ಒಂದನ್ನೊಂದು ಬಿಗಿಹಿಡಿಯುವ ಶಕ್ತಿಯನ್ನು ತಗ್ಗಿಸುತ್ತದೆ. ಅದು ಗಂಟೆಗಳ, ದಿನಗಳ ಕೆಲಸ. ಭೂಕಂಪದ ಅಲೆಗಳು ಬಂದಾಗ ಇಳಿಜಾರಿನ ಇಡೀ ರಾಶಿ ಅತ್ತಿತ್ತ, ಮೇಲೆ ಕೆಳಗೆ ಎಳೆದಾಡಲ್ಪಡುತ್ತದೆ. ಇಳಿಜಾರಿನ ದಿಕ್ಕಿಗೆ ತಳ್ಳಿದ ಪ್ರತಿಯೊಂದು ಸಲವೂ ತಡೆಯ ಮಿತಿ ಒಂದು ಕ್ಷಣ ಮೀರುತ್ತದೆ. ಆ ಕ್ಷಣದಲ್ಲಿ ರಾಶಿ ತುಸು ಸರಿಯುತ್ತದೆ, ಮತ್ತೆ ನಿಲ್ಲುತ್ತದೆ, ಮತ್ತೆ ಸರಿಯುತ್ತದೆ. ಈ ಬಿಡಿಬಿಡಿ ಸರಿತಗಳನ್ನು ಕೂಡಿಸಿ ಲೆಕ್ಕಹಾಕುವ ಕ್ರಮವನ್ನು ನೇಥನ್ ನ್ಯೂಮಾರ್ಕ್ ಎಂಬ ಎಂಜಿನಿಯರು ೧೯೬೫ರಲ್ಲಿ ತೋರಿಸಿಕೊಟ್ಟನು. ಒಟ್ಟು ಸರಿತ ಒಂದು ಮಿತಿಯನ್ನು ದಾಟಿದರೆ ಒಳಗಿನ ಹಿಡಿತ ಹರಿದುಹೋಗಿ ಕಂಪನ ನಿಂತ ಮೇಲೂ ಗುಡ್ಡ ನಿಲ್ಲುವುದಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ಕಂಪನವು ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಏಣುಗಳ, ಶಿಖರಗಳ ನೆತ್ತಿಯಲ್ಲಿ ಅದು ಇಮ್ಮಡಿಸುವುದುಂಟು. ಉದ್ದವಾದ ಕೋಲಿನ ಬುಡವನ್ನು ಅಲುಗಿಸಿದರೆ ತುದಿ ಹೆಚ್ಚು ಓಲಾಡುವಂತೆ. ಆದುದರಿಂದ ಭೂಕಂಪದಿಂದ ಉಂಟಾದ ಜರಿತಗಳು ಏಣುಗಳ ಮೇಲ್ಭಾಗಕ್ಕೆ ಹತ್ತಿರವಾಗಿ ಗುಂಪುಗೂಡಿರುತ್ತವೆ. ಮಳೆಯಿಂದಾದವು ನೀರು ಸೇರುವ ತಗ್ಗುಗಳಲ್ಲಿ, ತೊರೆಗಳು ಕೊರೆಯುವ ಬುಡಗಳಲ್ಲಿ ಹೆಚ್ಚಾಗಿ ಕಾಣುತ್ತವೆ. ಗಾಯವಿರುವ ಜಾಗವನ್ನು ನೋಡಿ ಗಾಯದ ಕಾರಣವನ್ನು ಊಹಿಸಲು ಇದೊಂದು ಸುಳಿವು.

ಕಂಪನಕ್ಕೆ ಎಷ್ಟು ಬಲವಿರಬೇಕು ಎಂಬ ಪ್ರಶ್ನೆಗೆ ಡೇವಿಡ್ ಕೀಫರ್ ೧೯೮೪ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಮೂಲ ಆಧಾರವಾಗಿದೆ. ಜಗತ್ತಿನ ನಲವತ್ತು ಐತಿಹಾಸಿಕ ಭೂಕಂಪಗಳನ್ನು ಪರಿಶೀಲಿಸಿ ಆತ ತೋರಿಸಿದುದೇನೆಂದರೆ, ಸಡಿಲವಾದ ಕಲ್ಲುಮಣ್ಣು ಉದುರಲು ಸುಮಾರು ೪ ಪ್ರಮಾಣದ ಭೂಕಂಪವಾದರೂ ಬೇಕು. ಇಡಿಯಾದ ಮಣ್ಣಿನ ರಾಶಿ ಜಾರಲು ಸುಮಾರು ೪.೫, ನೀರುಂಡ ನೆಲ ಹರಡಲು ಅಥವಾ ಹರಿಯಲು ಸುಮಾರು ೫, ಬೃಹತ್ತಾದ ಬಂಡೆಯ ಪ್ರವಾಹ ಹೊರಡಲು ಸುಮಾರು ೬. ಪ್ರಮಾಣದಲ್ಲಿ ಒಂದು ಅಂಕ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಮೂವತ್ತೆರಡು ಪಟ್ಟು ಏರುತ್ತದೆ ಎಂಬುದನ್ನು ಇದರೊಂದಿಗೆ ನೆನಪಿನಲ್ಲಿಟ್ಟುಕೊಳ್ಳಬೇಕು.

೪. ಹಿಮಾಲಯದ ನಿದರ್ಶನಗಳು

ಭಾರತದ ಫಲಕವು ಏಷ್ಯಾದ ಕೆಳಗೆ ನುಗ್ಗುತ್ತಿರುವ ಅಂಚಿನಲ್ಲಿ ಹಿಮಾಲಯವಿದೆ. ಎತ್ತರ, ಕಡಿದು, ಬಿರುಕುಬಿಟ್ಟ ಶಿಲೆ, ಮುಂಗಾರು ಮಳೆ, ಮಹಾಭೂಕಂಪ ಇವೆಲ್ಲವೂ ಅಲ್ಲಿ ಒಂದೆಡೆ ಕೂಡುತ್ತವೆ. ೧೮೯೭ರ ಜೂನ್ ೧೨ರ ಶಿಲ್ಲಾಂಗ್ ಭೂಕಂಪವನ್ನು ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ಆರ್. ಡಿ. ಓಲ್ಡಮ್ ವಿವರವಾಗಿ ಅಧ್ಯಯನ ಮಾಡಿದನು. ಗಾರೋ ಮತ್ತು ಖಾಸಿ ಬೆಟ್ಟಗಳ ದಕ್ಷಿಣದ ಇಳಿಜಾರುಗಳಲ್ಲಿ ಕಾಡಿನ ಹೊದಿಕೆ ಜಾರಿಹೋಗಿ ಬರಿಯ ಬಂಡೆ ಕಾಣುತ್ತಿದ್ದುದನ್ನು ಆತನ ವರದಿ ದಾಖಲಿಸಿದೆ. ಈ ವಿಷಯದಲ್ಲಿ ನಮ್ಮ ದೇಶದ ಮೊದಲ ಶಾಸ್ತ್ರೀಯ ದಾಖಲೆಗಳಲ್ಲಿ ಅದೂ ಒಂದು.

೧೯೫೦ರ ಆಗಸ್ಟ್ ೧೫ರ ಸಂಜೆ, ದೇಶವು ಸ್ವಾತಂತ್ರ್ಯದ ಹಬ್ಬವನ್ನು ಆಚರಿಸುತ್ತಿದ್ದ ದಿನದಂದೇ, ಅಸ್ಸಾಂ ಮತ್ತು ಟಿಬೆಟಿನ ಗಡಿಯಲ್ಲಿ ೮.೬ ಪ್ರಮಾಣದ ಭೂಕಂಪವಾಯಿತು. ಕಡಲ ತಳದಲ್ಲಿ ಹುಟ್ಟಿದವನ್ನು ಬಿಟ್ಟರೆ, ಉಪಕರಣಗಳು ದಾಖಲಿಸಿದವುಗಳಲ್ಲಿ ನೆಲದ ಮೇಲಿನ ಅತಿ ದೊಡ್ಡ ಭೂಕಂಪವಿದು. ಸಸ್ಯಶಾಸ್ತ್ರಜ್ಞ ಫ್ರಾಂಕ್ ಕಿಂಗ್ಡನ್ ವಾರ್ಡ್ ಪತ್ನಿಯೊಡನೆ ಆ ಸಂಜೆ ಕೇಂದ್ರಬಿಂದುವಿಗೆ ಸಮೀಪದ ರಿಮಾದಲ್ಲಿ ಬೀಡುಬಿಟ್ಟಿದ್ದನು. ಸುತ್ತಲಿನ ಬೆಟ್ಟಗಳು ದೂಳಿನಲ್ಲಿ ಮುಳುಗಿದುದನ್ನು ಕಂಡು ಬರೆದಿಟ್ಟನು. ಮಿಶ್ಮಿ ಮತ್ತು ಅಬೋರ್ ಬೆಟ್ಟಗಳಿಂದ ಜರಿದ ಮಣ್ಣು ಬ್ರಹ್ಮಪುತ್ರದ ಉಪನದಿಗಳನ್ನು ಸೇರಿ, ಅಲ್ಲಿಂದ ಮಹಾನದಿಯ ಪಾತ್ರಕ್ಕೆ ಇಳಿಯಿತು. ದಿಬ್ರುಗಢದ ಬಳಿ ನದಿಯ ತಳವೇ ಮೇಲೆದ್ದಿತು. ಆ ಬಳಿಕದ ದಶಕಗಳಲ್ಲಿ ಅಸ್ಸಾಮನ್ನು ಕಾಡಿದ ನೆರೆ ಮತ್ತು ದಂಡೆಕೊರೆತಗಳ ಕಥೆಯಲ್ಲಿ ಆ ಒಂದು ಸಂಜೆಯ ಪಾಲು ಸಣ್ಣದಲ್ಲ. ಭೂಕಂಪ ಕೆಲವು ನಿಮಿಷಗಳಲ್ಲಿ ಮುಗಿದರೂ ಅದು ಕೆಡಹಿದ ಗುಡ್ಡಗಳು ನದಿಯ ಮೂಲಕ ಬಹುಕಾಲ ಪಯಣಿಸುತ್ತಲೇ ಇರುತ್ತವೆ.

೨೦೦೫ರ ಅಕ್ಟೋಬರ್ ೮ರ ಕಾಶ್ಮೀರ ಭೂಕಂಪದ ಪ್ರಮಾಣ ೭.೬. ಹಟ್ಟಿಯಾನ್ ಬಾಲಾ ಎಂಬಲ್ಲಿ ಒಂದೇ ಒಂದು ಬೃಹತ್ ಜರಿತ ಸುಮಾರು ಒಂದು ಸಾವಿರ ಜನರನ್ನು ಮುಚ್ಚಿಹಾಕಿತು. ೨೦೦೮ರ ಮೇ ೧೨ರ ಚೀನದ ವೆಂಚುವಾನ್ ಭೂಕಂಪದಲ್ಲಿ ಸುಮಾರು ೬೯,೦೦೦ ಜನ ಸತ್ತರು. ಅವರಲ್ಲಿ ಸುಮಾರು ೨೦,೦೦೦ ಮಂದಿಯ ಸಾವಿಗೆ ಗುಡ್ಡ ಜರಿತವೇ ಕಾರಣವೆಂದು ಅಂದಾಜು. ೨೦೧೫ರ ಏಪ್ರಿಲ್ ೨೫ರಂದು ನೇಪಾಳದಲ್ಲಿ ೭.೮ ಪ್ರಮಾಣದ ಭೂಕಂಪವಾದಾಗ ಲಾಂಗ್ಟಾಂಗ್ ಎಂಬ ಹಳ್ಳಿಯ ಮೇಲೆ ಮಂಜು ಮತ್ತು ಬಂಡೆಗಳ ರಾಶಿ ಇಳಿದು ಇಡೀ ಊರು ಮರೆಯಾಯಿತು. ಪಟ್ಟಣಗಳಲ್ಲಿ ಮನೆ ಬಿದ್ದು ಸಾಯುವವರನ್ನು ಅಗೆದು ಹುಡುಕುವ ಆಸೆಯಾದರೂ ಉಳಿದಿರುತ್ತದೆ; ಇಂಥ ಹಳ್ಳಿಗಳಲ್ಲಿ ಅದೂ ಇಲ್ಲ.

ಇಷ್ಟು ವಿಸ್ತಾರವಾದ, ರಸ್ತೆ ಕಡಿದುಹೋದ ನಾಡಿನಲ್ಲಿ ಜರಿತಗಳನ್ನು ಎಣಿಸುವುದಾದರೂ ಹೇಗೆ? ಹೈದರಾಬಾದಿನ ದೂರಸಂವೇದಿ ಕೇಂದ್ರದ ಕೆಲಸ ಇಲ್ಲಿ ಪ್ರಸ್ತುತವಾಗುತ್ತದೆ. ೨೦೧೧ರ ಸೆಪ್ಟೆಂಬರ್ ೧೮ರಂದು ಸಿಕ್ಕಿಮಿನಲ್ಲಿ ೬.೯ ಪ್ರಮಾಣದ ಭೂಕಂಪವಾದಾಗ, ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ ಇಲ್ಲಿನ ವಿಜ್ಞಾನಿಗಳು ಸಾವಿರಕ್ಕೂ ಹೆಚ್ಚು ಜರಿತಗಳನ್ನು ಗುರುತಿಸಿದರು. ಮುಂಗಾರಿನ ನೀರುಂಡ ಇಳಿಜಾರುಗಳನ್ನು ಭೂಕಂಪ ಅಲುಗಿಸಿದ ನಿದರ್ಶನವದು. ನೇಪಾಳದ ಭೂಕಂಪ ಮತ್ತು ಅದರ ಹಿಂದೆಯೇ ಬಂದ ೭.೩ ಪ್ರಮಾಣದ ಕಂಪನಗಳ ಬಳಿಕ ಅವರು ನಕ್ಷೆಗಿಳಿಸಿದ ಜರಿತಗಳ ಸಂಖ್ಯೆ ೧೫,೫೫೧. ೨೦೨೩ರಲ್ಲಿ ಇದೇ ಕೇಂದ್ರ ಹೊರತಂದ ಭಾರತದ ಭೂಕುಸಿತ ನಕ್ಷಾಸಂಪುಟದಲ್ಲಿ ೧೯೯೮ರಿಂದ ೨೦೨೨ರವರೆಗಿನ ಸುಮಾರು ೮೦,೦೦೦ ಜರಿತಗಳ ಮಾಹಿತಿ ಇದೆ. ಅದರಲ್ಲಿ ಅಪಾಯದ ದೃಷ್ಟಿಯಿಂದ ೧೪೭ ಜಿಲ್ಲೆಗಳನ್ನು ಶ್ರೇಣೀಕರಿಸಲಾಗಿದ್ದು ಮೊದಲ ಸ್ಥಾನ ರುದ್ರಪ್ರಯಾಗಕ್ಕೆ ಸಂದಿದೆ. ಅದು ಕೇದಾರನಾಥವಿರುವ ಜಿಲ್ಲೆ. ಕೇದಾರದ ರಾವಲರು ಪರಂಪರೆಯಿಂದ ವೀರಶೈವ ಸಮುದಾಯದವರು. ಕನ್ನಡ ನಾಡಿನ ಯಾತ್ರಿಕರಿಗೆ ಆ ದಾರಿ ಅಪರಿಚಿತವಲ್ಲ. ೧೯೯೧ರಲ್ಲಿ ಉತ್ತರಕಾಶಿಯೂ ೧೯೯೯ರಲ್ಲಿ ಚಮೋಲಿಯೂ ಭೂಕಂಪಕ್ಕೆ ತುತ್ತಾದುವು. ಎರಡೂ ಸಲ ಯಾತ್ರೆಯ ಸೀಮೆಯಲ್ಲಿ ಗುಡ್ಡಗಳು ಜರಿದುವು. ಹಿಮಾಲಯ ದೂರದ ನಾಡೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ.

೫. ನದಿಗೆ ಅಡ್ಡ ಬಿದ್ದ ಬೆಟ್ಟ

ಜರಿದ ಗುಡ್ಡ ಕಣಿವೆಯ ನದಿಗೆ ಅಡ್ಡ ಬಿದ್ದರೆ ಅಲ್ಲಿಂದ ಎರಡನೆಯ ಅನಾಹುತ ಆರಂಭವಾಗುತ್ತದೆ. ಕಲ್ಲುಮಣ್ಣಿನ ಆ ರಾಶಿ ಎಂಜಿನಿಯರು ಕಟ್ಟಿದ ಅಣೆಕಟ್ಟಲ್ಲ. ಅದಕ್ಕೆ ಕೋಡಿಯಿಲ್ಲ, ತೂಬಿಲ್ಲ. ಹಿಂದೆ ನೀರು ಏರುತ್ತದೆ. ಒಂದು ದಿನ ಮೇಲಿನಿಂದ ಹರಿದೋ ಒಳಗಿನಿಂದ ಸೋರಿಯೋ ಕಟ್ಟೆ ಒಡೆಯುತ್ತದೆ. ೧೯೫೦ರಲ್ಲಿ ಸುಬಾನ್ಸಿರಿ ನದಿಯಲ್ಲಿ ಹೀಗೆಯೇ ಆಯಿತು. ಭೂಕಂಪವಾದ ಎಂಟು ದಿನಗಳ ಬಳಿಕ ಅಡ್ಡಗಟ್ಟೆ ಒಡೆದು, ಏಳು ಮೀಟರ್ ಎತ್ತರದ ನೀರಿನ ಗೋಡೆ ಕೆಳಗಿನ ಹಳ್ಳಿಗಳ ಮೇಲೆ ಬಂದು ೫೩೨ ಜನರನ್ನು ಕೊಂದಿತು. ಭೂಕಂಪದಿಂದ ಬದುಕಿ ಉಳಿದವರು ಅವರು. ಆ ಎಂಟು ದಿನಗಳು ಅವರ ಪಾಲಿಗೆ ಎಚ್ಚರಿಕೆಯ ದಿನಗಳಾಗಬಹುದಾಗಿತ್ತು.

ಇದಕ್ಕೆ ಪ್ರತಿಯಾದ ನಿದರ್ಶನ ಅದಕ್ಕೂ ಐವತ್ತಾರು ವರ್ಷಗಳ ಹಿಂದಿನದು. ೧೮೯೩ರ ಸೆಪ್ಟೆಂಬರಿನಲ್ಲಿ ಗಢವಾಲದ ಬಿರಹಿ ಗಂಗಾ ನದಿಗೆ ಗೋಹನಾ ಎಂಬಲ್ಲಿ ಬೆಟ್ಟ ಅಡ್ಡ ಬಿದ್ದಿತು. ಅದಕ್ಕೆ ಭೂಕಂಪ ಕಾರಣವಾಗಿರಲಿಲ್ಲವಾದರೂ ಅಡ್ಡಗಟ್ಟೆಯ ಸ್ವಭಾವ ಒಂದೇ. ಎಂಜಿನಿಯರುಗಳು ಅಲ್ಲಿ ನೆಲೆಸಿ ನೀರಿನ ಮಟ್ಟವನ್ನು ಅಳೆದರು. ಕಟ್ಟೆ ಯಾವಾಗ ಒಡೆದೀತೆಂದು ಲೆಕ್ಕಹಾಕಿದರು. ಕಣಿವೆಯ ಉದ್ದಕ್ಕೂ ತಂತಿಯ ಸಂಪರ್ಕ ಏರ್ಪಡಿಸಿ ಜನರನ್ನು ಮೇಲಕ್ಕೆ ಸಾಗಿಸಿದರು. ೧೮೯೪ರ ಆಗಸ್ಟಿನಲ್ಲಿ ಕಟ್ಟೆ ಒಡೆದು ಶ್ರೀನಗರವೆಂಬ ಪಟ್ಟಣ ಕೊಚ್ಚಿಹೋಯಿತು. ಆದರೆ ಎಚ್ಚರಿಕೆಯನ್ನು ಮೀರಿ ಉಳಿದ ಒಂದು ಕುಟುಂಬದ ಹೊರತು ಜೀವಹಾನಿ ಆಗಲಿಲ್ಲ. ೨೦೦೮ರಲ್ಲಿ ವೆಂಚುವಾನ್ ಭೂಕಂಪ ನಿರ್ಮಿಸಿದ ತಾಂಗ್ಜಿಯಾಶಾನ್ ಸರೋವರದ ವಿಷಯದಲ್ಲಿ ಚೀನೀಯರು ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಿ, ಕಾಲುವೆ ಕಡಿದು ನೀರನ್ನು ಹೊರಬಿಟ್ಟರು. ಹಟ್ಟಿಯಾನ್ ಬಾಲಾದ ಕಟ್ಟೆಯಾದರೋ ಭೂಕಂಪವಾದ ನಾಲ್ಕು ವರ್ಷಗಳ ಮೇಲೆ, ೨೦೧೦ರ ಫೆಬ್ರವರಿಯಲ್ಲಿ ಒಡೆಯಿತು. ಭೂಕಂಪವನ್ನು ಮುಂಚಿತವಾಗಿ ಹೇಳುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಭೂಕಂಪದ ಬಳಿಕ ಬರುವ ಈ ಎರಡನೆಯ ಅಪಾಯವನ್ನು ಮುಂಚಿತವಾಗಿ ಹೇಳಲು ಸಾಧ್ಯವಿದೆ. ಗೋಹನಾದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅದು ಸಾಧ್ಯವಾಗಿತ್ತು.

೬. ದಖನ್ನಿನ ಅನುಭವ

ದಕ್ಷಿಣದ ಪ್ರಸ್ಥಭೂಮಿ ಭೂಕಂಪದಿಂದ ಸಂಪೂರ್ಣವಾಗಿ ಮುಕ್ತವೆಂಬ ಹಳೆಯ ನಂಬಿಕೆ ಎರಡು ಸಲ ಅಲುಗಿದೆ. ೧೯೬೭ರ ಡಿಸೆಂಬರ್ ೧೧ರಂದು ಸಹ್ಯಾದ್ರಿಯ ಕೊಯ್ನಾ ಅಣೆಕಟ್ಟಿನ ಬಳಿ ೬.೩ ಪ್ರಮಾಣದ ಭೂಕಂಪವಾಯಿತು. ಜಲಾಶಯದ ನೀರಿಗೂ ಭೂಕಂಪಕ್ಕೂ ಇರುವ ಸಂಬಂಧವನ್ನು ಜಗತ್ತು ಗಂಭೀರವಾಗಿ ಚಿಂತಿಸಲು ಅದು ಕಾರಣವಾಯಿತು. ಹೈದರಾಬಾದಿನ ಭೂಭೌತ ಸಂಸ್ಥೆಯ ಹರ್ಷ ಗುಪ್ತ ಮೊದಲಾದವರ ಅಧ್ಯಯನಗಳು ಈ ಕ್ಷೇತ್ರದಲ್ಲಿ ಪ್ರಸಿದ್ಧವಾಗಿವೆ. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ ಬೀದರ, ಕಲಬುರಗಿಗಳೂ ಹೈದರಾಬಾದೂ ಎಚ್ಚರಗೊಂಡುವು. ಗಣಪತಿಯ ವಿಸರ್ಜನೆ ಮುಗಿಸಿ ಮಲಗಿದ್ದ ಸುಮಾರು ಹತ್ತು ಸಾವಿರ ಜನ ಸತ್ತರು.

ಕಿಲ್ಲಾರಿಯ ಪ್ರಮಾಣ ೬ಕ್ಕಿಂತ ಮೇಲಿನದು. ಗುಡ್ಡ ಕೆಡಹುವುದಕ್ಕೆ ಬೇಕಾದ ಬಲ ಅದರಲ್ಲಿ ಇತ್ತು. ಆದರೆ ಅಲ್ಲಿ ಜಾರುವುದಕ್ಕೆ ಗುಡ್ಡವೇ ಇರಲಿಲ್ಲ. ಕಪ್ಪು ಮಣ್ಣಿನ ಬಯಲಿನಲ್ಲಿ ಜನರನ್ನು ಕೊಂದುದು ದಪ್ಪನೆಯ ಕಲ್ಲುಮಣ್ಣಿನ ಗೋಡೆಗಳು. ಕಂಪನ ಒಂದೇ, ಅದು ಯಾವುದನ್ನು ಆಯುಧವಾಗಿಸಿಕೊಳ್ಳುತ್ತದೆ ಎಂಬುದನ್ನು ನೆಲದ ರೂಪವೂ ಮನುಷ್ಯನ ಕಟ್ಟಡವೂ ನಿರ್ಧರಿಸುತ್ತವೆ.

೭. ಕೊಡಗಿನ ಪ್ರಶ್ನೆ

ಇಷ್ಟು ಹಿನ್ನೆಲೆಯೊಂದಿಗೆ ಕೊಡಗಿನ ಪ್ರಶ್ನೆಗೆ ಮರಳಬಹುದು. ನಕ್ಷಾಸಂಪುಟದ ಶ್ರೇಣಿಯಲ್ಲಿ ಕೊಡಗಿನದು ಹನ್ನೆರಡನೆಯ ಸ್ಥಾನ. ೨೦೧೮ರ ಜುಲೈಯ ಕಂಪನ ಆಗಸ್ಟಿನ ಜರಿತಗಳಿಗೆ ಕಾರಣವೆಂಬ ವಾದವನ್ನು ನಾಲ್ಕು ನೆಲೆಗಳಲ್ಲಿ ಪರೀಕ್ಷಿಸಬೇಕಾಗುತ್ತದೆ.

ಮೊದಲನೆಯದು ಪ್ರಮಾಣ. ೩.೪ ಎಂಬುದು ಕೀಫರ್ ಗುರುತಿಸಿದ ಕನಿಷ್ಠ ಮಿತಿಗಿಂತ ಕೆಳಗಿನದು. ೧೯೫೦ರ ಅಸ್ಸಾಂ ಭೂಕಂಪದ ಶಕ್ತಿ ಅದಕ್ಕಿಂತ ಸುಮಾರು ಆರು ಕೋಟಿ ಪಟ್ಟು ಹೆಚ್ಚಿನದು. ಬೀಳುವ ಅಂಚಿನಲ್ಲಿಯೇ ಇದ್ದ ಒಂದು ಕಲ್ಲನ್ನು ಅಂಥ ಲಘು ಕಂಪನ ಉರುಳಿಸೀತು. ಹತ್ತಾರು ಹಳ್ಳಿಗಳ ಗುಡ್ಡಗಳನ್ನು ಸಡಿಲಿಸಲಾರದು. ಎರಡನೆಯದು ಕಾಲ. ಭೂಕಂಪದಿಂದಾಗುವ ಜರಿತಗಳು ಬಹುಮಟ್ಟಿಗೆ ಕಂಪನದ ಗಳಿಗೆಯಲ್ಲಿಯೇ ಆಗುತ್ತವೆ. ಮಹಾಭೂಕಂಪಗಳು ಬಿಟ್ಟುಹೋದ ಬಿರುಕುಗಳಿಂದ ಮುಂದಿನ ಮಳೆಗಾಲಗಳಲ್ಲಿ ಹೆಚ್ಚು ಜರಿತಗಳಾಗುವುದು ನಿಜ. ವೆಂಚುವಾನಿನಲ್ಲಿ ೨೦೧೦ರ ಆಗಸ್ಟಿನಲ್ಲಿ ಹಾಗಾಯಿತು. ಆದರೆ ಆ ಬಿರುಕುಗಳನ್ನು ತೆರೆದ ಕಂಪನದ ಪ್ರಮಾಣ ೭.೯. ಮೂರನೆಯದು ಸ್ಥಳ. ಕೊಡಗಿನ ಜರಿತಗಳು ಆದುದು ದಟ್ಟ ಮಳೆಯ ಬಳಿಕ, ದಪ್ಪನೆಯ ಸವೆದ ಮಣ್ಣು ಶಿಲೆಯ ಮೇಲೆ ಕುಳಿತಿದ್ದ ಇಳಿಜಾರುಗಳಲ್ಲಿ. ರಸ್ತೆ, ಮನೆ, ವಸತಿಗೃಹಗಳಿಗಾಗಿ ಬುಡವನ್ನು ಕಡಿದು ‘ಬರೆ’ ಮಾಡಿದ ಜಾಗಗಳು ಅವುಗಳಲ್ಲಿ ಹಲವು. ನಾಲ್ಕನೆಯದು ಪುನರಾವರ್ತನೆ. ೨೦೧೯ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟದಲ್ಲಿ ಜೀವಗಳನ್ನು ಬಲಿತೆಗೆದುಕೊಂಡ ಜರಿತಗಳೆರಡೂ ಆದುದು ಬಿರುಮಳೆಯಲ್ಲಿ. ಇದಕ್ಕೆ ತದ್ವಿರುದ್ಧವಾಗಿ ೨೦೨೨ರ ಜೂನ್ ಮತ್ತು ಜುಲೈಯಲ್ಲಿ ಚೆಂಬು, ಸಂಪಾಜೆ, ಸುಳ್ಯದ ಸುತ್ತ ಸುಮಾರು ೩ರವರೆಗಿನ ಪ್ರಮಾಣದ ಕಂಪನಗಳು ಮೇಲಿಂದ ಮೇಲೆ ಆದರೂ ೨೦೧೮ರ ಅನಾಹುತ ಮರುಕಳಿಸಲಿಲ್ಲ. ೨೦೧೮ರ ಜರಿತಗಳಿಗೆ ಭೂಕಂಪ ಕಾರಣವಲ್ಲ, ಅತಿಯಾದ ಮಳೆ ಮತ್ತು ಇಳಿಜಾರುಗಳ ಮಾರ್ಪಾಟು ಕಾರಣ ಎಂದು ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯೂ ತಿಳಿಸಿತು.

ಹಾಗಾದರೆ ಜನರ ಅನುಭವ ಸುಳ್ಳೇ? ಗುಡ್ಡದೊಳಗಿನಿಂದ ಸದ್ದು ಕೇಳಿತು, ನೆಲ ನಡುಗಿತು ಎಂದು ಹೇಳಿದವರು ಅನೇಕರು. ಆ ಮಾತನ್ನು ತಳ್ಳಿಹಾಕಬೇಕಾಗಿಲ್ಲ. ಜಾರುವ ಗುಡ್ಡ ತಾನೇ ನೆಲವನ್ನು ನಡುಗಿಸುತ್ತದೆ. ೨೦೨೧ರ ಫೆಬ್ರವರಿ ೭ರಂದು ಚಮ‌ೋಲಿ ಜಿಲ್ಲೆಯ ರೋಂಟಿ ಶಿಖರದಿಂದ ಬಂಡೆ ಮತ್ತು ಮಂಜಿನ ಬೃಹತ್ ರಾಶಿ ಕಳಚಿ ಋಷಿಗಂಗಾ ಕಣಿವೆಗೆ ಬಿದ್ದಾಗ, ಹೈದರಾಬಾದಿನ ಭೂಭೌತ ಸಂಸ್ಥೆ ಉತ್ತರಾಖಂಡದಲ್ಲಿ ಸ್ಥಾಪಿಸಿದ್ದ ಕಂಪನಮಾಪಕಗಳು ಆ ನಡುಕವನ್ನು ಹತ್ತಾರು ಕಿಲೋಮೀಟರ್ ದೂರದಲ್ಲಿ ದಾಖಲಿಸಿದುವು. ಜರ್ಮನಿಯ ವಿಜ್ಞಾನಿಗಳೊಡನೆ ಸೇರಿ ಆ ದಾಖಲೆಗಳನ್ನು ಅಭ್ಯಸಿಸಿ, ಇಂಥ ಪ್ರವಾಹಗಳ ಬಗ್ಗೆ ಕೆಳಗಿನ ಊರುಗಳಿಗೆ ಮುನ್ಸೂಚನೆ ಕೊಡಲು ಸಾಧ್ಯವೆಂಬುದನ್ನು ಅದೇ ವರ್ಷ ತೋರಿಸಲಾಯಿತು. ೨೦೨೪ರ ಜುಲೈ ೩೦ರ ವಯನಾಡಿನ ದುರಂತದ ಬಳಿಕವೂ, ಆಗಸ್ಟಿನಲ್ಲಿ ಅಲ್ಲಿನ ಜನರಿಗೆ ನೆಲದೊಳಗಿನ ಗುಡುಗು ಕೇಳಿಸಿತು. ಆದರೆ ಭೂಕಂಪವೇನೂ ದಾಖಲಾಗಲಿಲ್ಲವೆಂದು ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರ ತಿಳಿಸಿತು. ಕಂಪನವನ್ನು ಅನುಭವಿಸಿದವರ ಸಾಕ್ಷ್ಯ ದಿಟವಾಗಿರಬಹುದು. ಕಾರಣ ಯಾವುದು, ಕಾರ್ಯ ಯಾವುದು ಎಂಬಲ್ಲಿ ಕ್ರಮ ತಿರುಗುಮುರುಗಾಗಿರಬಹುದು.

ಈ ಕ್ರಮವನ್ನು ಸರಿಪಡಿಸಿಕೊಳ್ಳುವುದು ಬರಿಯ ಶಾಸ್ತ್ರಜಿಜ್ಞಾಸೆಯಲ್ಲ. ಭೂಕಂಪವೇ ಕಾರಣವೆಂದು ನಂಬಿದರೆ ಮನುಷ್ಯನು ಮಾಡಬಹುದಾದುದು ಏನೂ ಉಳಿಯುವುದಿಲ್ಲ. ಅದು ಯಾರ ಹೊಣೆಯೂ ಅಲ್ಲ. ಮಳೆ ಮತ್ತು ಕಡಿದ ಬರೆ ಕಾರಣವೆಂದು ಒಪ್ಪಿದರೆ ಯಾವ ಇಳಿಜಾರನ್ನು ಕಡಿಯಬಾರದು, ಯಾವ ತೊರೆಯ ದಾರಿಯನ್ನು ಮುಚ್ಚಬಾರದು, ಎಷ್ಟು ಮಳೆಯಾದರೆ ಯಾವ ಮನೆಯನ್ನು ತೆರವು ಮಾಡಬೇಕು ಎಂಬ ಪ್ರಶ್ನೆಗಳು ಎದುರು ನಿಲ್ಲುತ್ತವೆ. ೨೦೨೪ರ ಜುಲೈ ೧೬ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದು ಗಂಗಾವಳಿ ನದಿಗೆ ಇಳಿದು, ಎದುರು ದಡದ ಉಳುವರೆಗೂ ನೀರಿನ ಅಲೆಯನ್ನು ಎಬ್ಬಿಸಿದಾಗ ಎದ್ದುದೂ ಇವೇ ಪ್ರಶ್ನೆಗಳು.

೮. ಸಮಾರೋಪ

ಭೂಕಂಪದಿಂದ ಗುಡ್ಡ ಜರಿಯುವುದು ಹಿಮಾಲಯದಲ್ಲಿ ಪದೇ ಪದೇ ಸಿದ್ಧಪಟ್ಟ ಸತ್ಯ. ಪಶ್ಚಿಮ ಘಟ್ಟದಲ್ಲಿ ಇದುವರೆಗಿನ ದೊಡ್ಡ ಜರಿತಗಳ ಹಿಂದೆ ಕಾಣುವುದು ಮಳೆ. ಕೊಯ್ನಾದ ನೆನಪಿರುವುದರಿಂದ ಘಟ್ಟಗಳಲ್ಲಿ ಎಂದೂ ಬಲವಾದ ಕಂಪನವಾಗದೆಂದು ಹೇಳುವಂತಿಲ್ಲ. ಮಳೆಗಾಲದ ನಡುವೆ ಅಂಥದು ಸಂಭವಿಸಿದರೆ ಈಗಾಗಲೆ ಕಡಿದು ನಿಲ್ಲಿಸಿರುವ ಬರೆಗಳೇ ಮೊದಲು ಜಾರುತ್ತವೆ. ಆದುದರಿಂದ ಎರಡೂ ಅಪಾಯಗಳಿಗೆ ಪರಿಹಾರ ಆರಂಭವಾಗುವುದು ಒಂದೇ ಕಡೆಯಲ್ಲಿ, ಇಳಿಜಾರಿನ ಬುಡದಲ್ಲಿ.

ಕನ್ನಡದ ಅಧ್ಯಯನಕ್ಕೆ ಇದರಲ್ಲಿ ಒಂದು ಕೆಲಸವಿದೆ. ಹೈದರಾಬಾದಿನ ಸಂಸ್ಥೆಗಳ ನಕ್ಷೆಗಳೂ ದಾಖಲೆಗಳೂ ಇಂಗ್ಲಿಷಿನಲ್ಲಿವೆ. ಜಾರುವ ಇಳಿಜಾರಿನ ಕೆಳಗೆ ಮಲಗಿರುವವರು ಕನ್ನಡ, ಕೊಡವ, ತುಳು, ಅರೆಭಾಷೆಗಳನ್ನಾಡುವವರು. ‘ಭೂಕುಸಿತದ ಸಂಭವವಿದೆ’ ಎಂಬ ಪ್ರಕಟಣೆಗೂ ‘ನಿಮ್ಮ ಮನೆಯ ಹಿಂದಿನ ಬರೆ ಈ ರಾತ್ರಿ ಜರಿಯಬಹುದು’ ಎಂಬ ಮಾತಿಗೂ ಇರುವ ಅಂತರ ಬಹಳ ದೊಡ್ಡದು. ಮಲೆನಾಡಿನ ಊರೂರುಗಳಲ್ಲಿ ನೆಲದ ಬಗೆ, ಇಳಿಜಾರಿನ ಬಗೆ, ಒರತೆಯ ಬಗೆಗಳಿಗೆ ಇರುವ ಪದಗಳನ್ನು ಸಂಗ್ರಹಿಸಿ, ಅವು ಯಾವ ಬಗೆಯ ಚಲನೆಯನ್ನು ಸೂಚಿಸುತ್ತವೆಂದು ಶಾಸ್ತ್ರಜ್ಞರೊಡನೆ ಕುಳಿತು ನಿರ್ಧರಿಸಿದರೆ ಅದೊಂದು ಉಪಯುಕ್ತ ಕೋಶವಾಗುತ್ತದೆ. ಗೋಹನಾದಲ್ಲಿ ಜನರನ್ನು ಉಳಿಸಿದುದು ನೀರಿನ ಲೆಕ್ಕ ಹಾಕಿದ ವಿದ್ಯೆ ಮಾತ್ರವಲ್ಲ. ಆ ಲೆಕ್ಕ ಕೆಳಗಿನ ಊರುಗಳಿಗೆ ಸಕಾಲದಲ್ಲಿ, ತಿಳಿಯುವ ಮಾತಿನಲ್ಲಿ ತಲಪಿದುದೂ ಹೌದು.